ಡಾಕ್ಟರ ಹಳೆಯ ಸಫೈರ್

೧೯೬೮ರ ಜೂನ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಬಟ್ಟೆ ವ್ಯಾಪಾರಿ ಗಾರ್ಡನ್ ಲೇಸಿ ಏದುಸಿರು ಬಿಡುತ್ತ ಕಾವೆಂಟ್ರಿಯ ಪೊಲೀಸ್ ಠಾಣೆಗೆ ಬಂದ. ಅಂಗಡಿಯೆದುರು ನಿಲ್ಲಿಸಿದ್ದ ಅವನ ಸಫೈರ್ ಕಾರು ಕಳುವಾಗಿತ್ತು.

"ಕಾರು ಹಾಳಾಗಿ ಹೋಗ್ಲಿ ಸಾರ್. ಹಿಂದಿನ ಸೀಟಲ್ಲಿ ನಮ್ಮಪ್ಪ ಮಲಗಿದ್ರು. ವಯಸ್ಸಾಗಿದೆ, ಸಕ್ಕರೆ ಕಾಯಿಲೆ. ಮಧ್ಯಾಹ್ನ ಇನ್ಸುಲಿನ್ ಚುಚ್ಚಲೇಬೇಕು."

ಇನ್‌ಸ್ಪೆಕ್ಟರ್ ಟ್ರಾಂಟರ್ ದೂರು ದಾಖಲಿಸಿಕೊಂಡು, ಕಾನ್‌ಸ್ಟೇಬಲ್ ಮೊರೀನ್ ಬೆಡೋಸ್ ಜೊತೆ ಸ್ಥಳ ಮಹಜರಿಗೆ ಹೋದರು. ರಸ್ತೆಯಲ್ಲಿ ಒಡೆದ ಗಾಜಿನ ಚೂರೂ ಇರಲಿಲ್ಲ.

"ಬಾಗಿಲು ಒಡೆದಿಲ್ಲ. ಇನ್ನೊಂದು ಕೀ ಎಲ್ಲಿ?" ಎಂದು ಟ್ರಾಂಟರ್ ಲೇಸಿಯನ್ನು ಕೇಳಿದರು.

"ನಂಗೆ ಸಿಕ್ಕಿದ್ದೇ ಒಂದು. ಡಾಕ್ಟರ್ ಪೆನ್‌ಫೋಲ್ಡ್ ತೀರ್ಕೊಂಡ್ಮೇಲೆ ಅವರ ಹೆಂಡ್ತಿ ಕಾರನ್ನ ನಂಗೆ ಮಾರಿದ್ರು."

ಯುದ್ಧ ಮುಗಿದ ಒಂಬತ್ತನೆಯ ವರ್ಷ ಇದೇ ಊರಿನಲ್ಲಿ ತಯಾರಾದ ಕಾರದು. ತೊಗಲಿನ ಸೀಟು, ಮೂತಿಯ ಮೇಲೆ ಸಿಂಹದ ಮೈ, ಮನುಷ್ಯನ ಮುಖದ ಸ್ಫಿಂಕ್ಸ್ ಬೊಂಬೆ. ಅದನ್ನು ತಯಾರಿಸಿದ ಕಂಪನಿ ಈಗ ಕಾರು ಮಾಡುವುದನ್ನೇ ನಿಲ್ಲಿಸಿತ್ತು. ಎಲ್ಲಿ ಹೋದರೂ ಕಣ್ಣಿಗೆ ಬೀಳುವ ಅಂಥ ಕಾರಿಗೆ ಕಸುಬಿನ ಕಳ್ಳರು ಕೈ ಹಾಕುವುದಿಲ್ಲ. ಹಳೆಯ ಕೀ ಇದ್ದವರೇ ಒಯ್ದಿರಬೇಕು ಎಂದುಕೊಂಡು ಟ್ರಾಂಟರ್ ನೇರವಾಗಿ ಡಾಕ್ಟರ ಮನೆಗೆ ಗಾಡಿ ತಿರುಗಿಸಿದರು. ಲೇಸಿಯೂ ಜೊತೆಗಿದ್ದ.

ಡಾಕ್ಟರ ಹೆಂಡತಿ ಬಾಗಿಲಲ್ಲೇ ನಿಂತು ಹೇಳಿದರು: "ಇನ್ನೊಂದು ಕೀ ನಮ್ಮ ಡ್ರೈವರ್ ಎರ್ನಿ ಟ್ವಿಗ್ ಹತ್ರಾನೇ ಉಳೀತು. ಬೀದೀಲಿ ಯಾರ ಮದುವೆ ಆದ್ರೂ ಹುಡುಗೀನ ಚರ್ಚಿಗೆ ಕರ್ಕೊಂಡು ಹೋಗು ಅಂತ ನಮ್ಮವರು ಅವನನ್ನ ಕಾರು ಕೊಟ್ಟು ಕಳಿಸೋರು. ಇವತ್ತು ಅವನ ಮಗಳದ್ದೇ ಮದುವೆ."

ಲೇಸಿಯ ಮುಖ ಬಿಳಿಚಿಕೊಂಡಿತು. "ಹೋದ ವಾರ ಬಂದಿದ್ದ ಸಾರ್. ಒಂದೇ ಗಂಟೆ ಕೊಡಿ ಅಂದ. ನಾನೇನು ಟ್ಯಾಕ್ಸಿ ನಡೆಸ್ತೀನಾ ಅಂತ ಬೈದು ಅಟ್ಟಿದ್ದೆ."

ಚರ್ಚಿನ ಮುಂದೆ ಸಫೈರ್ ಬಿಳಿ ರಿಬ್ಬನ್ ಕಟ್ಟಿಸಿಕೊಂಡು ನಿಂತಿತ್ತು. ಹಿಂದಿನ ಸೀಟು ಖಾಲಿ. ಲೇಸಿ ಒಳಕ್ಕೆ ಓಡಿದ.

ಕೊನೆಯ ಬೆಂಚಿನಲ್ಲಿ ಅವನ ಅಪ್ಪ ಕೋಟಿಗೆ ಹೂವು ಸಿಕ್ಕಿಸಿಕೊಂಡು ಕೂತಿದ್ದರು.

"ಶ್! ಹುಡುಗಿ ಒಪ್ಪಿಗೆ ಹೇಳ್ತಿದ್ದಾಳೆ. ಸುಮ್ನಿರೋ."

ಲೇಸಿ ಪಕ್ಕದಲ್ಲಿ ಕುಸಿದು ಕೂತು ಅತ್ತುಬಿಟ್ಟ. "ಅಪ್ಪಾ, ಇಂಜೆಕ್ಷನ್..."

"ಆಮೇಲೆ ಚುಚ್ಚು. ಕೇಕ್ ಮಾತ್ರ ಒಂದು ತುಂಡು ತಿಂದೇ ಬರೋದು."

ಬೆಡೋಸ್ ನಗು ತಡೆಯಲು ಗೋಡೆಯ ಕಡೆ ತಿರುಗಿದಳು. ಟ್ರಾಂಟರ್ ಟೋಪಿ ತೆಗೆದು, ಮದುವೆ ಮುಗಿಯುವವರೆಗೂ ಬಾಗಿಲಲ್ಲೇ ನಿಂತರು.

ಮುಗಿದ ಮೇಲೆ ಟ್ವಿಗ್ ತಾನಾಗಿ ಬಂದು ಕೀ ಕೊಟ್ಟ. "ಹಿಂದೆ ಮನುಷ್ಯರಿದ್ದಾರೆ ಅಂತ ಗೊತ್ತಿರ್ಲಿಲ್ಲ ಸಾಹೇಬ್ರೆ. ದಾರೀಲಿ ಗೊರಕೆ ಕೇಳಿ ಜೀವಾನೇ ಹೋಯ್ತು. ತಿರುಗಿಸ್ತೀನಿ ಅಂದ್ರೆ ಅಜ್ಜ ಬಿಡ್ಲಿಲ್ಲ."

"ಕದ್ದಿದ್ದು ಕದ್ದಿದ್ದೇ, ಎರ್ನಿ. ನಡಿ," ಎಂದರು ಟ್ರಾಂಟರ್.

"ದೂರು ವಾಪಸ್ ತಗೋತೀನಿ ಸಾರ್," ಎಂದ ಲೇಸಿ.

"ಠಾಣೆಗೆ ಬಂದು ಹೇಳಿ."

ಮಧ್ಯಾಹ್ನ ಹನ್ನೆರಡಕ್ಕೆ ಟ್ವಿಗ್‌ನ ಬಂಧನ ದಾಖಲಾಯಿತು. ಯಾಕೆ ಕದ್ದೆ ಎಂದು ಟ್ರಾಂಟರ್ ಅವನನ್ನು ಕೇಳಿದರು.

"ಊರ ಹೆಣ್ಣುಮಕ್ಕಳಿಗೆಲ್ಲ ಆ ಕಾರಿನ ಬಾಗಿಲು ತೆಗೆದಿದ್ದೀನಿ," ಎಂದ. "ನನ್ನ ಮಗಳಿಗೆ ಒಂದು ಸಲ ತೆಗೀಬೇಕು ಅನ್ನಿಸ್ತು."