ಗೌರಿ ಹಬ್ಬಕ್ಕೆ ಮುಂಚೆ ಬಂದ ಅರಿಶಿನ ಕುಂಕುಮ

ಬಾಗೂರಿಗೆ ಬರುವ ಹಾಲಿನ ವ್ಯಾನು ಎರಡು ಸಲ ಹಾರ್ನ್ ಹೊಡೆದರೆ ಅದು ಡೇರಿಗೆ. ಮೂರನೆಯ ಹಾರ್ನು ಶಿವಗಂಗಾಳಿಗೆ. ಈ ಗುಟ್ಟು ವ್ಯಾನ್ ಓಡಿಸುವ ಕಲ್ಲೇಶನಿಗೆ, ಅವಳಿಗೆ, ಮತ್ತೆ ಡುಮ್ಮನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಡುಮ್ಮ ಅವಳ ನಾಯಿ. ಹೊಸದುರ್ಗದ ರಸ್ತೆಯಲ್ಲಿ ಸಿಕ್ಕ ಮರಿಯನ್ನು ಕಲ್ಲೇಶನೇ ಗೋಣಿಚೀಲದಲ್ಲಿ ಸುತ್ತಿ ತಂದು, ಅವಳ ಹೊಲಿಗೆ ಮಿಷನ್ನಿನ ಪಕ್ಕ ಇಳಿಸಿದ್ದ.

"ಇಟ್ಕಳ್ರಿ ಟೈಲರಮ್ಮ. ಈ ಕಡೆ ಬರಾಕೆ ನಂಗೂ ಒಂದು ನೆಪ ಬೇಕಲ್ಲ."

"ನೆಪಕ್ಕೆ ಅನ್ನ ಹಾಕೋರು ಯಾರು?"

"ಹಾಲು ನಂದು, ಅನ್ನ ನಿಮ್ದು" ಎಂದು ನಕ್ಕಿದ್ದ. ನಕ್ಕಾಗ ಅವನ ಎಡಗೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. ಅದನ್ನು ನೋಡುತ್ತ ನೋಡುತ್ತ ಅವಳು ಯಾರದೋ ರವಿಕೆಗೆ ಬಲತೋಳನ್ನು ಎಡಕ್ಕೆ ಹೊಲಿದಿಟ್ಟಿದ್ದಳು.

ಶ್ರಾವಣದಲ್ಲಿ ಟಿಪ್ಪರೊಂದು ಡುಮ್ಮನಿಗೆ ಗುದ್ದಿ ಹೋಯಿತು. ಕಲ್ಲೇಶನೇ ವ್ಯಾನಿನಲ್ಲಿ ಚಿತ್ರದುರ್ಗಕ್ಕೆ ಕರೆದೊಯ್ದ. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. "ಸೊಂಟದ ಮೂಳೆ ಮುರಿದಿದೆಯಮ್ಮ. ಪ್ಲೇಟ್ ಹಾಕಬೇಕು, ಮೂವತ್ತು ಸಾವಿರ ಆಗುತ್ತೆ. ಸೋಮವಾರದೊಳಗೆ ಆಗದಿದ್ದರೆ ಪಾಪ, ನೋವಲ್ಲಿ ಇಡಬೇಡಿ. ಇಂಜೆಕ್ಷನ್ ಕೊಟ್ಟು ಕಳಿಸಿಬಿಡೋಣ."

ಎಲ್ಲಿಗೆ ಕಳಿಸುವುದೆಂದು ಅವಳು ಕೇಳಲಿಲ್ಲ. ಡುಮ್ಮ ಅವಳ ಕೈ ನೆಕ್ಕುತ್ತಿದ್ದ.

ಆಮೇಲೆ ಅವಳು ತಟ್ಟದ ಬಾಗಿಲಿಲ್ಲ. ವಾಟ್ಸಾಪ್ ಸ್ಟೇಟಸ್ಸಿಗೆ ಡುಮ್ಮನ ಫೋಟೋ, ಜೊತೆಗೆ ಫೋನ್‌ಪೇ ನಂಬರ್ ಹಾಕಿದಳು. ಕೈಮುಗಿದ ಚಿತ್ರ, ಅಳುವ ಮುಖ ರಾಶಿ ರಾಶಿ ಬಂದವು, ದುಡ್ಡು ಬರಲಿಲ್ಲ. ಪ್ರಾಣಿದಯೆಯ ಸಂಸ್ಥೆಯೊಂದಕ್ಕೆ ಫೋನ್ ಮಾಡಿದರೆ, ತಾವು ಬೀದಿನಾಯಿಗೆ ಮಾತ್ರ ಖರ್ಚು ಕೊಡುವುದು, ಸಾಕಿದ ನಾಯಿಗಿಲ್ಲ ಎಂದರು. ಬೀದಿಯಲ್ಲೇ ಬಿಟ್ಟಿದ್ದರೆ ಚೆನ್ನಾಗಿತ್ತೇನೋ! ಸ್ತ್ರೀಶಕ್ತಿ ಸಂಘದ ಚಂದ್ರಕ್ಕ ಕೆನ್ನೆಗೆ ಕೈಯಿಟ್ಟುಕೊಂಡಳು. "ಎಮ್ಮೆ ಆಗಿದ್ರೆ ನಾಳೇನೇ ಸಾಲ ಕೊಡಿಸ್ತಿದ್ದೆ ಕಣವ್ವ. ನಾಯಿಗೆ ಅಂದ್ರೆ ಬ್ಯಾಂಕಿನೋರು ನಗ್ತಾರೆ."

ಭಾನುವಾರ ಸಂಜೆ ಕಲ್ಲೇಶ ಮನೆಗೆ ಬಂದ. ಹೊಸ ವ್ಯಾನಿನ ಮುಂಗಡಕ್ಕೆಂದು ಕೂಡಿಟ್ಟಿದ್ದ ದುಡ್ಡನ್ನು ಅವಳ ತಾಯಿ ಅನ್ನಪೂರ್ಣಮ್ಮನ ಮುಂದೆ ಇಟ್ಟ.

ಅನ್ನಪೂರ್ಣಮ್ಮ ಅದನ್ನು ಮುಟ್ಟಲಿಲ್ಲ. "ನೀನು ಒಳ್ಳೆ ಹುಡುಗ ಕಣಪ್ಪ. ಆದ್ರೆ ಮದ್ವೆ ಆಗ್ದಿರೋ ಹುಡುಗಿ ಐತೆ ಮನೇಲಿ. ಹೊರಗಿನ ಗಂಡಸಿನ ದುಡ್ಡು ಒಳಗೆ ಬಂದ್ರೆ ನಾಳೆ ಯಾರು ಹೆಣ್ಣು ಕೇಳ್ತಾರೆ?"

ಈಗ ಕೇಳುತ್ತಾನೆ ಎಂದುಕೊಂಡಳು ಶಿವಗಂಗಾ. ಬಾಗಿಲ ಸಂದಿಯಲ್ಲಿ ನಿಂತು ವೇಲನ್ನು ಬಿಗಿಯಾಗಿ ಹಿಡಿದುಕೊಂಡಳು. ಕಲ್ಲೇಶ ಒಮ್ಮೆ ಅವಳನ್ನು ನೋಡಿದ, ಒಮ್ಮೆ ಗೋಣಿಯ ಮೇಲೆ ನರಳುತ್ತಿದ್ದ ಡುಮ್ಮನನ್ನು ನೋಡಿದ. ಕುಡಿಯಲು ನೀರು ಕೇಳಿದ. ಪೂರ್ತಿ ಚೊಂಬು ಖಾಲಿ ಮಾಡಿದ.

"ಅಮ್ಮಾ, ಇವರಿಗೆ ಗೌರಿ ಹಬ್ಬಕ್ಕೆ ಅರಿಶಿನ ಕುಂಕುಮದ ದುಡ್ಡು ಕೊಡೋ ಅಣ್ತಮ್ರಿಲ್ಲ. ನಂಗೂ ಒಡಹುಟ್ಟಿದೋರಿಲ್ಲ. ಹಬ್ಬ ಇನ್ನೇನು ಬಂತು. ಇದನ್ನ ಅಣ್ಣ ಕೊಟ್ಟಿದ್ದು ಅಂತ ಇಟ್ಕಳ್ರಿ."

ಅನ್ನಪೂರ್ಣಮ್ಮನಿಗೆ ಗಂಡುಮಗು ಹುಟ್ಟಿ ತೊಟ್ಟಿಲಲ್ಲೇ ಹೋಗಿತ್ತು. ಆ ಮಾತು ಕೇಳಿ ಅವರು ಅತ್ತೇಬಿಟ್ಟರು. ಪಕ್ಕದ ಮನೆಯ ಚಂದ್ರಕ್ಕನನ್ನು ಕೂಗಿ ಕರೆದರು. ತಟ್ಟೆ ಬಂತು, ಎಲೆ ಅಡಿಕೆ ಬಂತು, ದೇವರ ಮುಂದೆ ದೀಪ ಹತ್ತಿತು.

"ಬಾರೇ ಗಂಗಾ, ಮಡಿಲೊಡ್ಡು."

ಒಡ್ಡಿದರೆ ಡುಮ್ಮ ಉಳಿಯುತ್ತಾನೆ, ಕಲ್ಲೇಶ ಅಣ್ಣನಾಗುತ್ತಾನೆ. ದೇವರ ಮುಂದೆ ಅಣ್ಣನಾದವನು ಮತ್ತೆ ಗಂಡನಾಗಲಾರ. ಬಾಗೂರೇಕೆ, ಅವಳ ಮನಸ್ಸೇ ಒಪ್ಪದು. ಬೇಡವೆಂಬ ಮಾತು ಬಾಯಿಯವರೆಗೆ ಬಂತು. ಅಷ್ಟರಲ್ಲಿ ಕಲ್ಲೇಶನ ದನಿ ಕೇಳಿದ ಡುಮ್ಮ ಏಳಲು ನೋಡಿ, ಏಳಲಾಗದೆ, ಬಾಲದ ತುದಿಯನ್ನಷ್ಟೇ ಅಲ್ಲಾಡಿಸಿದ.

ಅವಳು ವೇಲು ಒಡ್ಡಿದಳು. ಕಲ್ಲೇಶ ಎಲೆ ಅಡಿಕೆಯ ಜೊತೆ ದುಡ್ಡನ್ನು ಅದರೊಳಗೆ ಹಾಕಿದ.

ಮರುದಿನ ಆಪರೇಷನ್ ಆಯಿತು. ಕ್ಲಿನಿಕ್ಕಿನ ಎದುರು ಬೇವಿನ ಮರದಡಿ ಇಬ್ಬರೂ ಟೀ ಹಿಡಿದು ಕುಳಿತಿದ್ದರು. ಕೋಟೆಯ ಬಂಡೆಗಳ ಮೇಲೆ ಬಿಸಿಲು ಇಳಿಯುತ್ತಿತ್ತು. ಅವಳಿಗೆ ಸಿಟ್ಟು, ದುಃಖ ಎರಡೂ ಒಟ್ಟಿಗೆ ಬಂದಿದ್ದವು.

"ನಿನ್ನೆ ಬೇರೆ ಮಾತು ಕೇಳಬಹುದಿತ್ತಲ್ಲ?"

"ಯಾವ ಮಾತು ಟೈಲರಮ್ಮ?"

"ಗೊತ್ತಿದ್ದೂ ಕೇಳ್ಬ್ಯಾಡ್ರಿ."

ಕಲ್ಲೇಶ ಟೀ ಲೋಟವನ್ನೇ ನೋಡುತ್ತಿದ್ದ. "ದುಡ್ಡು ಮುಂದಿಟ್ಟು ಹೆಣ್ಣು ಕೇಳ್ದಂಗೆ ಆಗ್ತಿತ್ತು. ನಿಮ್ಮಮ್ಮ ದುಡ್ಡನ್ನೂ ನನ್ನನ್ನೂ ಸೇರಿಸಿ ಆಚೆ ಹಾಕೋರು. ಡುಮ್ಮನ್ನ ಸೋಮವಾರಕ್ಕೆ ಮಣ್ಣು ಮಾಡಬೇಕಾಗ್ತಿತ್ತು."

"ಮೊದಲೇ ಕೇಳಬಹುದಿತ್ತು. ಎರಡು ವರ್ಷ ಇತ್ತು."

"ಹೊಸ ವ್ಯಾನ್ ತಗಂಡು, ನಾಕು ಜನ ಮೆಚ್ಚೋ ಹಂಗೆ ಆಗಿ, ಆಮೇಲೆ ಕೇಳಾಣ ಅಂತಿದ್ದೆ." ಅವನು ನಗಲು ನೋಡಿದ. ಗುಳಿ ಬೀಳಲಿಲ್ಲ. "ನಿಮ್ಮನ್ನ ಬಿಟ್ಟು ಯಾರನ್ನೂ ನೆನೆಸಿರ್ಲಿಲ್ಲ ಕಣ್ರಿ."

ಎರಡು ವರ್ಷ ಕಾದ ಮಾತು ಒಂದು ದಿನ ತಡವಾಗಿ ಬಂದಿತ್ತು. ಅವಳು ವೇಲಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಅವನು ಸಮಾಧಾನ ಮಾಡಲು ಕೈ ಎತ್ತಿ, ಹಾಗೇ ಇಳಿಸಿದ.

ಮುಂದಿನ ವರ್ಷದ ಗೌರಿ ಹಬ್ಬಕ್ಕೆ ಕಲ್ಲೇಶ ಸೀರೆ, ಹೂವು, ಬಳೆ ತಂದ. "ಅಣ್ಣ ಬಂದ ನೋಡೇ!" ಎಂದು ಅನ್ನಪೂರ್ಣಮ್ಮ ಹಿಗ್ಗಿ ಕೂಗಿದರು. ಡುಮ್ಮ ಕುಂಟುತ್ತ ಓಡಿ ಅವನ ಎದೆಯವರೆಗೂ ಹಾರಿದ.

"ಅವ್ವ ಮಾಡದಕೆರೇಲಿ ಹೆಣ್ಣು ನಿಕ್ಕಿ ಮಾಡ್ಯಾಳೆ" ಎಂದ ಕಲ್ಲೇಶ, ನಾಯಿಯ ಕಿವಿ ಸವರುತ್ತ. "ಮದ್ವೇಲಿ ಕಳಸ ಹಿಡ್ಯಾಕೆ ಗಂಡಿನ ತಂಗಿ ಬೇಕಂತೆ. ನಂಗೆ ಇನ್ಯಾರಿದಾರೆ?"

ಶಿವಗಂಗಾ ಸೀರೆಯ ಮಡಿಕೆಯನ್ನು ಸುಮ್ಮನೆ ಬಿಚ್ಚಿದಳು, ಮಡಚಿದಳು. "ಹಿಡೀತೀನಿ. ಹುಡುಗಿ ಹೆಂಗವಳೆ?"

"ಒಳ್ಳೇಳು. ನಾಯಿ ಕಂಡ್ರೆ ಹೆದರ್ತಾಳಂತೆ."

ಇಬ್ಬರೂ ನಕ್ಕರು, ನಗು ಅರ್ಧಕ್ಕೇ ನಿಂತಿತು. "ಬರ್ತೀನಿ ಗಂಗವ್ವ" ಎಂದು ಅವನು ಎದ್ದ. ಅವಳನ್ನು ಅವನು ಹಾಗೆ ಕರೆದದ್ದು ಅದೇ ಮೊದಲು.

ವ್ಯಾನು ಡೇರಿಯ ಮುಂದೆ ಎರಡು ಸಲ ಹಾರ್ನ್ ಹೊಡೆದು ಹೊರಟಿತು. ಡುಮ್ಮ ಹೊಸಿಲಲ್ಲಿ ಕಿವಿ ನಿಗುರಿಸಿಕೊಂಡು, ಮೂರನೆಯದಕ್ಕೆ ಕಾಯುತ್ತ ನಿಂತೇ ಇದ್ದ.

"ಬಾರೋ ಒಳಗೆ" ಎಂದಳು ಶಿವಗಂಗಾ. ಅವನು ಬರಲಿಲ್ಲ. ಅವಳೂ ಹೋಗಿ ಅವನ ಪಕ್ಕ ಕುಳಿತಳು.