ಹೆಬ್ಬೆಟ್ಟಿನ ಗುಳಿ

ಗೋಡೆ ಕುಸಿದ ಸದ್ದಿಗೆ ಗಂಗರತ್ನ ಮಜ್ಜಿಗೆ ಚೆಂಬನ್ನು ಎದೆಗೆ ಅವಚಿಕೊಂಡು ನಿಂತಲ್ಲೇ ಕಣ್ಣು ಮುಚ್ಚಿದಳು.

ಕಣ್ಣು ಬಿಟ್ಟಾಗ ಎಲ್ಲೆಲ್ಲೂ ಕೆಂಪು ಧೂಳು. ಅಕ್ಕನ ಅಡುಗೆಮನೆಗೂ ಪಕ್ಕದವರ ಅಡುಗೆಮನೆಗೂ ನಡುವೆ ಇದ್ದದ್ದು ಒಂದೇ ಮಣ್ಣಿನ ಗೋಡೆ. ಗೆದ್ದಲು ತಿಂದು ಅದು ಒಳಗೇ ಟೊಳ್ಳಾಗಿತ್ತು. ಗೋಡೆ ಕಟ್ಟುವ ದಾಸಪ್ಪ ಹಾರೆಯಲ್ಲಿ ಮೆಲ್ಲಗೆ ತಿವಿದದ್ದಷ್ಟೇ, ಒಬ್ಬ ಆಳು ನುಸುಳುವಷ್ಟು ಗೋಡೆ ಈಚೆಗೆ ಉದುರಿಬಿತ್ತು. ದಾಸಪ್ಪ ಕಣ್ಣಿಗೆ ಮಣ್ಣು ತುಂಬಿಕೊಂಡು ಬಾವಿಯ ಕಡೆ ಓಡಿದ.

ಧೂಳು ಇಳಿಯಿತು. ಆಚೆ ಬದಿ ಕಾಣಿಸಿತು.

ಉರಿಯುವ ಒಲೆ. ಅದರ ಮುಂದೆ ಕುಕ್ಕರಗಾಲಲ್ಲಿ ಕೂತ ಒಬ್ಬ ಗಂಡಸು. ಕವೆಗೋಲಿನಿಂದ ಮಡಕೆಯನ್ನು ಅದುಮಿ ಹಿಡಿದು ಮುದ್ದೆ ತಿರುವುತ್ತಿದ್ದಾನೆ. ಮಣ್ಣು ಬೀಳದಿರಲೆಂದು ಮಡಕೆಗೆ ತನ್ನ ಬೆನ್ನನ್ನೇ ಅಡ್ಡ ಕೊಟ್ಟಿದ್ದಾನೆ. ತಲೆ, ರೆಪ್ಪೆ, ಮೀಸೆ ಎಲ್ಲ ಕೆಂಪು.

ಅವನು ನೋಡಿದ. ಅವಳೂ ನೋಡಿದಳು.

'ಅಯ್ಯೋ... ಗಂಡಸು ಒಲೆ ಮುಂದೆ ಕೂತವ್ನಲ್ಲ...' ಅವಳ ಬಾಯಿ ಹಾಗೆಯೇ ತೆರೆದುಕೊಂಡಿತು.

"ಈಗೇನೂ ಕೇಳ್ಬೇಡ" ಎಂದ ಅವನು. "ಕೈ ನಿಲ್ಸಿದ್ರೆ ಗಂಟಾಗ್ತದೆ."

ಅವಳು ಕೇಳಲಿಲ್ಲ. ಹೋಗಲೂ ಇಲ್ಲ. ಅವನ ತೋಳು ಸುತ್ತುವುದನ್ನೇ ನೋಡುತ್ತ ನಿಂತಳು. ಎದೆ ಯಾಕೆ ಹೀಗೆ ಹೊಡೆದುಕೊಳ್ಳುತ್ತಿದೆ? ಗೋಡೆ ಬಿದ್ದದ್ದಕ್ಕೇ ಇರಬೇಕು ಎಂದುಕೊಂಡಳು.

ಮಡಕೆ ಇಳಿಸಿದ ಮೇಲೆ ಅವನು ಗೋಡೆಯ ಬಾಯಿಗೆ ಬಂದ. ಹೆಸರು ಆವುಲಪ್ಪ. ಅವನ ತಾಯಿ ಅಂಜಿನಮ್ಮನ ಮುದ್ದೆಯೆಂದರೆ ಗುಮ್ಮಳಾಪುರದಲ್ಲಿ ಹೆಸರುವಾಸಿ. ಯಾರ ಮನೆಯಲ್ಲಿ ಮದುವೆಯಾದರೂ ಮಡಕೆ ಮುಂದೆ ಅವಳೇ ಕೂರಬೇಕು. ಹೋದ ಚಳಿಗಾಲದ ಜ್ವರ ಬಿಟ್ಟಮೇಲೆ ಅವಳ ಎರಡೂ ಕೈ ನಡುಗುತ್ತಿದ್ದವು. ಕೋಲು ನಿಲ್ಲುತ್ತಿರಲಿಲ್ಲ. ಅಂದಿನಿಂದ ಬಾಗಿಲು ಹಾಕಿಕೊಂಡು ಮಗನೇ ಮುದ್ದೆ ಮಾಡುತ್ತಿದ್ದ.

"ನನ್ನ ನೋಡಿ ನಗ್ಲಿ, ಪರವಾಗಿಲ್ಲ. ಅವ್ವನ ಕೈ ಬಿದ್ದೋಯ್ತು ಅಂತ ಊರು ಅನ್ನೋದನ್ನ ಅವ್ವ ತಡ್ಕೊಳಲ್ಲ. ಯಾರಿಗೂ ಹೇಳ್ಬೇಡ."

"ಹೇಳಲ್ಲ" ಎಂದಳು ಗಂಗರತ್ನ.

ದಾಸಪ್ಪ ಕಣ್ಣು ತೊಳೆದು ಬರುವಷ್ಟರಲ್ಲಿ ಗೋಡೆಯ ಬಾಯಿಗೆ ಆಚೆಯಿಂದ ಬಿದಿರಿನ ತಡಿಕೆ ಬಂದು ನಿಂತಿತ್ತು.

ಯುದ್ಧ ಮುಗಿದ ಮಾರನೆಯ ವರ್ಷದ ಬೇಸಿಗೆ ಅದು. ಅಕ್ಕ ಆದಿಲಕ್ಷ್ಮಮ್ಮ ತುಂಬಿದ ಬಸುರಿ. ಹಳೆಯ ಅಡುಗೆಮನೆಯ ಹೊಗೆಗೆ ಅವಳು ಕೆಮ್ಮಿ ಕೆಮ್ಮಿ ಸೋಲುವುದನ್ನು ನೋಡಲಾರದೆ ಭಾವ ರಾಮಕೃಷ್ಣಪ್ಪ ಮಳೆಗಾಲಕ್ಕೆ ಮುಂಚೆ ಅದನ್ನು ಕೆಡವಿ, ಹೊಗೆಗಂಡಿ ಇಟ್ಟು ಹೊಸದಾಗಿ ಕಟ್ಟಿಸಲು ಹೊರಟಿದ್ದ. ಅಲ್ಲಿಯತನಕ ಬೇಯಿಸಿ ಹಾಕುವವರು ಬೇಕಲ್ಲ? ಅದಕ್ಕೇ ಗಂಗರತ್ನ ನಾಟ್ರಾಂಪಾಳ್ಯದ ಕಾಡೂರಿಂದ ಎತ್ತಿನ ಗಾಡಿಯಲ್ಲಿ ಅಂಚೆಟ್ಟಿ ಹಾದು ಬಂದಿದ್ದಳು. ಅಡುಗೆಮನೆ ಮುಗಿದ ದಿನ ಅದೇ ಗಾಡಿ ಅವಳನ್ನು ವಾಪಸು ಕರೆದೊಯ್ಯಬೇಕೆಂದು ಅಪ್ಪ ಹೇಳಿ ಕಳಿಸಿದ್ದ.

ಅಡುಗೆಮನೆ ಇದ್ದಾಗ ಅದರ ಬೆಲೆ ಯಾರಿಗೂ ತಿಳಿಯುವುದಿಲ್ಲ. ಅದು ಬಿದ್ದ ದಿನ ಮನೆಯವರೆಲ್ಲ ಉಪ್ಪಿನ ಗಡಿಗೆ ಹುಡುಕುತ್ತಾರೆ.

ರುಬ್ಬುಗುಂಡು ದನದ ಕೊಟ್ಟಿಗೆಗೆ ಹೋಯಿತು. ಮೆಣಸಿನಕಾಯಿ ಅಟ್ಟ ಸೇರಿತು. ಹುಣಸೆಹಣ್ಣು ಎಲ್ಲಿ ಹೋಯಿತೋ ಕೊನೆಯತನಕ ಗೊತ್ತಾಗಲಿಲ್ಲ. ಅಂಗಳದ ಹೊಂಗೆಮರದ ಕೆಳಗೆ ಮೂರು ಕಲ್ಲಿಟ್ಟು ಒಲೆ ಹೂಡಿದ್ದರು. ಗಾಳಿ ಬಂದರೆ ಉರಿ ಅತ್ತ, ಹೊಗೆ ಇತ್ತ. ಹೊಂಗೆಹೂವು ಸಾರಿನೊಳಕ್ಕೇ ಉದುರುತ್ತಿತ್ತು. ಭಾವ ಕೊಡೆ ಬಿಚ್ಚಿಕೊಂಡು ಊಟಕ್ಕೆ ಕೂರುತ್ತಿದ್ದ. ಬಿಸಿಲಿಗಲ್ಲ, ಮೇಲಿನ ಕಾಗೆಗಳಿಗೆ. ಅಕ್ಕ ಜಗುಲಿಯ ಮೇಲೆ ಕೂತು, ಉರಿ ಹಿಂದಕ್ಕೆ ತೆಗಿ, ಕೋಳಿ ಬಂತು ನೋಡು ಎಂದು ಕೂತಲ್ಲಿಂದಲೇ ಅಡುಗೆ ಮಾಡುತ್ತಿದ್ದಳು.

ಸಾರಿನಲ್ಲಿ ಗಂಗರತ್ನಳ ಕೈ ಸೋತದ್ದಿಲ್ಲ. ಮುದ್ದೆ ಮಾತ್ರ ಅವಳಿಗೆ ಒಲಿಯದು. ಅವಳ ಊರಲ್ಲಿ ಸಾಮೆ ಅನ್ನವೇ ಹೆಚ್ಚು. ಗಾಳಿಯ ಒಲೆಯ ಮೇಲೆ ಅವಳು ತಿರುವಿದ ಮುದ್ದೆಯಲ್ಲಿ ಬರೀ ಗಂಟು. ದಾಸಪ್ಪ ಒಂದು ಗಂಟನ್ನು ಎಲೆಯಿಂದ ಹೆಕ್ಕಿ ಎಲ್ಲರಿಗೂ ತೋರಿಸಿದ.

"ಅಮ್ಮಣ್ಣೀ, ಇಂಥವು ದಿನಾ ಒಂದಷ್ಟು ಎತ್ತಿಡು. ಇಟ್ಟಿಗೆ ಉಳೀತವೆ."

ಎಲ್ಲರೂ ನಕ್ಕರು. ಅವಳೂ ನಕ್ಕಳು. ಆಮೇಲೆ ಗೋಡೆಯ ಮರೆಗೆ ಹೋಗಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು.

ಮಾರನೆಯ ದಿನ ಊಟದ ಹೊತ್ತಿಗೆ ತಡಿಕೆ ಅಲುಗಿತು. ಕೆಳಗಿನ ಸಂದಿಯಿಂದ ಒಂದು ತಟ್ಟೆ ಜಾರಿ ಬಂತು. ಅದರಲ್ಲಿ ಹೊಳೆಯುವ ಮುದ್ದೆಗಳು, ಒಂದೊಂದರ ನೆತ್ತಿಯಲ್ಲೂ ಪುಟ್ಟ ಗುಳಿ.

"ದಾಸಪ್ಪನ ಬಾಯಿಗೆ ಹಾಕು. ನಿನ್ನದು ಅಂತಲೇ ಹಾಕು" ಎಂದಿತು ಆಚೆಯ ದನಿ.

ಅವಳು ಅದೇ ತಟ್ಟೆಯಲ್ಲಿ ಬಸ್ಸಾರಿನ ಬಟ್ಟಲಿಟ್ಟು ವಾಪಸು ತಳ್ಳಿದಳು. ಆಮೇಲೆ ಬಟ್ಟಲು ಬರಿದಾಗಿ ಬಂತು.

"ಇನ್ನೊಂದಿಷ್ಟು ಐತಾ?"

ಅಂದಿನಿಂದ ಎರಡು ಮನೆಗೂ ಮುದ್ದೆ ಅವನದು, ಸಾರು ಅವಳದು. ನೀರು ಯಾವಾಗ ಹಿಟ್ಟು ಬೇಡುತ್ತದೆ ಎನ್ನುವುದನ್ನು ಅವನು ತಡಿಕೆಯ ಆಚೆಯಿಂದಲೇ ಕಲಿಸಿದ. ಅವಳು ಕಾಡಿನ ಆನೆಗಳ ಕತೆ ಹೇಳಿದಳು. ಒಮ್ಮೆ ಅಂಜಿನಮ್ಮನೇ ತಡಿಕೆಯ ಹತ್ತಿರ ಬಂದು, ನೀನು ಬಂದಮೇಲೆ ನನ್ನ ಮಗ ಸಾರಲ್ಲಿ ತಪ್ಪು ಹುಡ್ಕೋದು ಬಿಟ್ಟವ್ನೆ ಅಂದಳು. ತಡಿಕೆಯ ಜಾಗ ಬಿಟ್ಟು ಸುತ್ತಲೂ ಗೋಡೆ ಮೇಲೇಳುತ್ತಿತ್ತು. ಒಂದೊಂದು ವರಸೆ ಇಟ್ಟಿಗೆ ಏರಿದಾಗಲೂ ಗಂಗರತ್ನಳಿಗೆ ಯಾಕೋ ಒಳಗೆ ಚುಳ್ಳೆನ್ನುತ್ತಿತ್ತು. ದಾಸಪ್ಪ ಎಲೆಅಡಿಕೆ ಮುಗಿಸಿ ಎದ್ದರೆ, ಇನ್ನೂ ಸ್ವಲ್ಪ ಕೂತ್ಕೊ ಮಾವ, ಬಿಸಿಲು ಜಾಸ್ತಿ ಐತೆ ಎಂದು ಅವಳೇ ಉಪಚರಿಸುತ್ತಿದ್ದಳು.

'ಈ ಅಡುಗೆಮನೆ ಮುಗೀದೆ ಇದ್ರೆ...'

ಆದರೆ ಒಂದು ದಿನ ದಾಸಪ್ಪ ಎಲೆಯ ಮುಂದೆ ತುತ್ತು ಮುರಿಯದೆ ಸುಮ್ಮನೆ ಕೂತ. ಮುದ್ದೆಯ ನೆತ್ತಿಯ ಗುಳಿಗೆ ತನ್ನ ಹೆಬ್ಬೆಟ್ಟು ಇಟ್ಟು ನೋಡಿದ. ತುಪ್ಪ ನಿಲ್ಲಲೆಂದು ಹಾಗೆ ಗುಳಿ ಒತ್ತುವುದು ಇಡೀ ಊರಲ್ಲಿ ಅಂಜಿನಮ್ಮನ ಮನೆಯಲ್ಲಿ ಮಾತ್ರ. ಅವಳ ಮನೆ ಗೋಡೆಗೂ ಮಣ್ಣು ಮೆತ್ತಿ ಅವಳ ಕೈಯಲ್ಲಿ ಉಂಡಿದ್ದವನು ಅವನು. ಇದು ಅದೇ ಗುಳಿ. ಆದರೆ ಹೆಂಗಸಿನ ಹೆಬ್ಬೆಟ್ಟಿನದಲ್ಲ.

ಅವನು ಕೆಟ್ಟವನಲ್ಲ. ನಗೆಯ ಮಾತು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ ಅಷ್ಟೇ. ಸಂಜೆಗೆ ಬಾವಿಕಟ್ಟೆಯಲ್ಲಿ ಎಲ್ಲರಿಗೂ ಗೊತ್ತಾಯಿತು. ಆವುಲಪ್ಪನನ್ನು ಹುಡುಗರು ಅತ್ತಿಗೆ ಎಂದು ಕೂಗಿದರು. ಹೆಂಗಸರು ಅಂಜಿನಮ್ಮನ ಕೈ ಹಿಡಿದು ನೋಡಿ ಅಯ್ಯೋ ಪಾಪ ಎಂದರು. ಅವಳು ನೀರಿಗೆ ಬರುವುದನ್ನೇ ಬಿಟ್ಟಳು.

ಬೆಳಗ್ಗೆ ಗಂಗರತ್ನ ತಡಿಕೆ ಹತ್ತಿರ ಹೋದಾಗ ಅವನು ಆಚೆಯಿಂದ ತಾನೇ ಇಟ್ಟಿಗೆ ಜೋಡಿಸುತ್ತಿದ್ದ.

"ಒಂದೇ ಮಾತು ಕೇಳಿದ್ದೆ ನಿನ್ನ" ಎಂದ, ಮುಖ ಎತ್ತದೆ. "ಅವ್ವ ಉಣ್ಣದೆ ಮಲಗವ್ಳೆ."

ನಾನು ಹೇಳಲಿಲ್ಲ ಎನ್ನಲು ಅವಳ ನಾಲಿಗೆ ಏಳಲಿಲ್ಲ. ಹೇಳಿರಲಿಲ್ಲ, ನಿಜ. ಆದರೆ ಆ ಗುಳಿಯನ್ನು ಸವರದೆ ಎಲೆಗೆ ಬಡಿಸಿದ ಕೈ ತನ್ನದೇ ಅಲ್ಲವೇ? ಅವನ ಹೆಬ್ಬೆಟ್ಟನ್ನು ಅಳಿಸಲು ಮನಸ್ಸು ಬಾರದೆ ಹಾಗೇ ಬಿಟ್ಟಿದ್ದಳು. ಅದನ್ನು ಯಾವ ಬಾಯಿಂದ ಹೇಳುವುದು...

ಅವಳ ಎದೆಯೆತ್ತರಕ್ಕೆ ಗೋಡೆ ಬಂತು. ಅವಳ ಮುದ್ದೆಯಲ್ಲಿ ಮತ್ತೆ ಗಂಟು ಬಂತು. ಈ ಸಲ ಯಾರೂ ನಗಲಿಲ್ಲ.

ಹೆಂಚು ಹೊದಿಸಿದ್ದಾಯಿತು. ಹೊಗೆಗಂಡಿ ಮೂಡಿತು. ಆ ಬೀದಿಯಲ್ಲಿ ಒಂದು ಪದ್ಧತಿ ಇತ್ತು. ಹೊಸ ಒಲೆಯ ಮೊದಲ ಮುದ್ದೆಯನ್ನು ಮನೆಯವರು ಮಾಡುವಂತಿಲ್ಲ. ಗೋಡೆ ಹಂಚಿಕೊಂಡವರ ಕೈಯಿಂದ ಆಗಬೇಕು, ಕಟ್ಟಿದವರೆಲ್ಲ ಅದನ್ನು ಉಣ್ಣಬೇಕು. ಈಗ ಅಂಜಿನಮ್ಮನನ್ನು ಕರೆಯುವುದು ಹೇಗೆ? ಎದುರುಮನೆ ಗೋವಿಂದಮ್ಮ ತಾನೇ ಬಂದು ಮಾಡಿಕೊಡುತ್ತೇನೆಂದಳು. ಭಾವನಿಗೂ ಅದೇ ಸರಿ ಅನ್ನಿಸಿತು.

"ಬೇಡ ಭಾವ" ಎಂದಳು ಗಂಗರತ್ನ. "ಗೋಡೆ ಹಂಚ್ಕೊಂಡೋರು ಅವ್ರು. ನಾನು ಹೋಗಿ ಕರೀತೀನಿ."

ಅಕ್ಕ ತಂಗಿಯ ಮುಖವನ್ನೇ ನೋಡಿದಳು. ಏನು ಕಂಡಿತೋ, ಎಲೆಅಡಿಕೆಯ ತಟ್ಟೆಯನ್ನು ತಾನೇ ಎತ್ತಿ ಕೊಟ್ಟಳು.

ಬೀದಿಯವರೆಲ್ಲ ನೋಡುತ್ತಿರುವಾಗಲೇ ಗಂಗರತ್ನ ಪಕ್ಕದ ಮನೆಯ ಮುಂಬಾಗಿಲಿಗೆ ಹೋದಳು. ಅಂಜಿನಮ್ಮ ಹೊಸ್ತಿಲ ಒಳಗೆ ಸೆರಗಿನಲ್ಲಿ ಕೈ ಸುತ್ತಿಕೊಂಡು ಕೂತಿದ್ದಳು. ಆವುಲಪ್ಪ ಹೊಲಕ್ಕೆ ಹೊರಟವನು ಬಾಗಿಲಲ್ಲೇ ನಿಂತಿದ್ದ. ಗಂಗರತ್ನ ಮುದುಕಿಯ ಕಾಲು ಮುಟ್ಟಿ ನಮಸ್ಕರಿಸಿದಳು. ಆಮೇಲೆ ತಟ್ಟೆಯನ್ನು ಮಗನ ಕಡೆಗೆ ಚಾಚಿದಳು.

"ಈ ಮನೇಲಿ ಮುದ್ದೆ ಮಾಡೋರ್ನ ಕರ್ಯೋಕೆ ಬಂದೀನಿ. ಅಕ್ಕನ ಒಲೆಗೆ ಬನ್ನಿ."

ಅವನ ಮುಖ ಕೆಂಪಾಯಿತು. "ಊರು ನಗ್ತದೆ."

"ನಗ್ಲಿ. ಬಾಯ್ತುಂಬ ಮುದ್ದೆ ಇಟ್ಕೊಂಡು ಎಷ್ಟು ನಗ್ತಾರೆ, ನಾನೂ ನೋಡ್ತೀನಿ."

ಅವನು ತಾಯಿಯ ಕಡೆ ತಿರುಗಿದ. ಅಂಜಿನಮ್ಮ ಸೆರಗು ಬಿಚ್ಚಿ, ನಡುಗುವ ಎರಡೂ ಕೈಯನ್ನು ಬೀದಿಗೆ ಕಾಣುವಂತೆ ಹೊರಗೆ ತೆಗೆದು ತಟ್ಟೆ ಮುಟ್ಟಿದಳು.

"ತಗೊಳ್ಳಲಾ. ನನ್ನ ಕೈ ಎಲ್ಲಿಗೂ ಹೋಗಿಲ್ಲ. ನಿನ್ನ ಹತ್ರ ಐತೆ."

ಹೊಸ ಒಲೆಯ ಮುಂದೆ ಆವುಲಪ್ಪ ಕೂತ. ಪಕ್ಕದಲ್ಲಿ ಮಣೆ ಹಾಕಿಕೊಂಡು ಅಂಜಿನಮ್ಮ, ಉರಿ ತಗ್ಗಿಸು, ಈಗ ತಿರುವು ಎಂದು ಹೇಳಿಕೊಡುತ್ತಿದ್ದಳು. ಹೊಗೆ ನೇರವಾಗಿ ಗಂಡಿಯಿಂದ ಹೊರಹೋಯಿತು. ಅಕ್ಕ ಕೆಮ್ಮಲಿಲ್ಲ. ಬಾಗಿಲಲ್ಲಿ ಗುಂಪಾಗಿದ್ದವರಲ್ಲಿ ಮೊದಮೊದಲು ಒಬ್ಬಿಬ್ಬರು ಕಿಸಕ್ಕೆಂದರು. ಎಲೆಗೆ ಬಿಸಿ ಮುದ್ದೆ ಬಿದ್ದಮೇಲೆ ಸದ್ದಿಲ್ಲ. ನಾಲ್ಕು ತುತ್ತು ಇಳಿದ ಮೇಲೆ ದಾಸಪ್ಪ ಬೆರಳು ನೆಕ್ಕುತ್ತ ಹೇಳಿದ.

"ಆವುಲಾ, ಆ ಹುಡ್ಗಿ ಮೇಲೆ ಸಿಟ್ಟು ಮಾಡ್ಕೊಂಡಿದ್ಯಂತೆ? ಅವಳು ತುಟಿ ಬಿಚ್ಚಿಲ್ಲ ಕಣ್ಲಾ. ನಿನ್ನ ಹೆಬ್ಬೆಟ್ಟೇ ಹೇಳಿದ್ದು ನಂಗೆ. ಬಾವಿಕಟ್ಟೇಲಿ ಬೊಗಳಿದ್ದು ನಾನು."

ಬಡಿಸುತ್ತಿದ್ದ ಆವುಲಪ್ಪನ ಕೈ ಅರ್ಧದಲ್ಲೇ ನಿಂತಿತು. ಅವನು ಗಂಗರತ್ನಳನ್ನು ನೋಡಿದ. ಅವಳು ಸಾರಿನ ಮಡಕೆಯೊಳಗೆ ಏನೋ ಕಳೆದುಕೊಂಡವಳಂತೆ ಬಗ್ಗಿದಳು.

ಎಲ್ಲರೂ ಉಂಡು ಎದ್ದಮೇಲೆ ಅಂಜಿನಮ್ಮ ಅಕ್ಕನ ಪಕ್ಕ ಕೂತು ಮೆಲ್ಲಗೆ ಕೇಳಿದಳಂತೆ, ನಿನ್ನ ತಂಗೀನ ನಮ್ಮನೆಗೆ ಕೊಡ್ತೀರಾ ಅಂತ. ಭಾವನ ಮನೆಗೂ ಅವರಿಗೂ ಹಿಂದಿನಿಂದ ದೂರದ ನಂಟಿತ್ತು, ಬೇಡ ಎನ್ನಲು ಕಾರಣವಿರಲಿಲ್ಲ. ನನ್ನದೇನಿದೆ, ಅವಳನ್ನ ಕೇಳು, ಆಮೇಲೆ ಅಪ್ಪನ್ನ ಕೇಳು ಅಂದಳಂತೆ ಅಕ್ಕ.

ಗಂಗರತ್ನ ಅಷ್ಟರಲ್ಲಿ ಹೊಸ ಅಡುಗೆಮನೆಯಲ್ಲಿ ಒಬ್ಬಳೇ ಇದ್ದಳು. ಮೆಲ್ಲಗೆ ಆಡಿದರೂ ಆ ಮಾತು ಅವಳ ಕಿವಿಗೆ ಬಿದ್ದಿತ್ತು. ನಡುವಿನ ಗೋಡೆಯಲ್ಲಿ, ಎದೆಯೆತ್ತರದಲ್ಲಿ, ಒಂದು ಕಿಂಡಿಯಷ್ಟು ಜಾಗ ದಾಸಪ್ಪ ಮುಚ್ಚದೆ ಬಿಟ್ಟಿದ್ದ. ಮರೆತನೋ, ಬೇಕೆಂದೇ ಬಿಟ್ಟನೋ. ತಟ್ಟೆಯೊಂದು ಹಿಡಿಸುವಷ್ಟಿತ್ತು. ಆಚೆ ಹೆಜ್ಜೆಯ ಸದ್ದಾಯಿತು.

"ಅವತ್ತೇ ಯಾಕೆ ಹೇಳ್ಲಿಲ್ಲ, ನಾನಲ್ಲ ಅಂತ?"

"ನೀವು ಇಟ್ಟಿಗೆ ಇಡೋದ್ರಲ್ಲಿದ್ರಿ."

"ತಪ್ಪಾಯ್ತು, ರತ್ನಾ."

ಅವನ ಬಾಯಲ್ಲಿ ತನ್ನ ಹೆಸರು ಕೇಳಿದ್ದು ಅದೇ ಮೊದಲು. ಅವಳ ಕಣ್ಣು ತುಂಬಿತು, ತುಟಿ ನಕ್ಕಿತು. ಉಳಿದಿದ್ದ ಕೊನೆಯ ಮುದ್ದೆಯನ್ನು ತಟ್ಟೆಗಿಟ್ಟಳು. ನೆತ್ತಿಯಲ್ಲಿ ಅವನ ಗುಳಿ. ಅದರ ಪಕ್ಕದಲ್ಲೇ ತನ್ನ ಹೆಬ್ಬೆಟ್ಟು ಒತ್ತಿ, ಕಿಂಡಿಯಿಂದ ಆಚೆಗೆ ತಳ್ಳಿದಳು.

ದೊಡ್ಡ ಗುಳಿಗೆ ಅಂಟಿಕೊಂಡ ಚಿಕ್ಕ ಗುಳಿಯನ್ನು ಅವನು ನೋಡಿದ.

"ನಾಳೆ ಗಾಡಿ ಬರ್ತದಂತಲ್ಲ. ಹೋಗ್ತೀಯಾ?"

"ಹೋಗ್ದೆ? ಅಪ್ಪನ್ನ ಕೇಳೋದು ಹೆಂಗೆ ಮತ್ತೆ?" ಅವಳು ಕಿಂಡಿಗೆ ಮುಖ ತಂದು, ದನಿ ತಗ್ಗಿಸಿದಳು. "ಗಾಡೀಲಿ ಮೂರು ಜನಕ್ಕೆ ಜಾಗ ಐತೆ. ನಿಮ್ಮವ್ವಂಗೆ ಹುಲ್ಲು ಹಾಸಿ ಮೆತ್ತಗೆ ಮಾಡ್ತೀನಿ."

ಆಚೆ ಅವನು ನಕ್ಕದ್ದು ಕೇಳಿಸಿತು.

"ದಾರಿ ದೂರ. ಬುತ್ತಿ?"

"ಮುದ್ದೆ ನಿಮ್ದು" ಎಂದಳು ಗಂಗರತ್ನ. "ಸಾರು ನಂದು."