ದೊಣ್ಣೆಮೆಣಸಿಲ್ಲದ ಹಿತ್ತಿಲು

"ದೊಣ್ಣೆಮೆಣಸು ಬೇಡ" ಎಂದು ಅಮ್ಮ ಆ ಸಾಲಿನ ಮೇಲೆ ಗೀಟು ಎಳೆದೇಬಿಟ್ಟಳು.

"ಅಯ್ಯೋ ಅಮ್ಮಾ, ಅದೇ ಮುಖ್ಯ ಅಲ್ವಾ!" ಡೆನಿತ್ಸಾ ಪೆನ್ಸಿಲ್ ಕಿತ್ತುಕೊಳ್ಳಲು ಕೈ ಚಾಚಿದಳು.

ಅಡುಗೆಮನೆಯ ಮೇಜಿನ ಮೇಲೆ ಚೌಕುಳಿ ನೋಟ್‌ಬುಕ್ ತೆರೆದಿತ್ತು. ಮಾರ್ಚ್ ಬಂದರೆ ಸಾಕು, ಹಿತ್ತಿಲಿನ ಪ್ಲಾನ್ ಶುರು. ಯಾವ ಮಡಿಯಲ್ಲಿ ಯಾವ ತರಕಾರಿ, ಎಷ್ಟು ಸಾಲು ಎಂದು ಬರೆಯುವುದು ಡೆನಿತ್ಸಾ. ತಿದ್ದುವುದು ಅಮ್ಮ. ಮಧ್ಯೆ ಮೂತಿ ತೂರಿಸುವುದು ಐದು ವರ್ಷದ ತಂಗಿ ಮೀಲಾ.

ಈ ಸಲ ಅಮ್ಮ ಬರೀ ಗೀಟು ಎಳೆಯುತ್ತಿದ್ದಳು.

"ಯಾಕೆ ಬೇಡ?"

"ಬೀಜ ಹಳೇದಾಗಿದೆ ಕಣೇ, ಮೊಳಕೆ ಬರಲ್ಲ."

"ಬೀನ್ಸ್?"

"ಹಬ್ಸೋಕೆ ಕೋಲಿಲ್ಲ."

"ಕುಂಬಳ?"

"ಜಾಗ ತಿನ್ನುತ್ತೆ."

"ಫುಟ್‌ಬಾಲ್ ಆಡೋವಷ್ಟು ಜಾಗ ಇದೆಯಲ್ಲಮ್ಮಾ!"

"ವಾದ ಮಾಡ್ಬೇಡ" ಎಂದು ಅಮ್ಮ ಒದ್ದೆ ಬಟ್ಟೆಯ ಬುಟ್ಟಿ ಎತ್ತಿಕೊಂಡು ಹೊರಟಳು.

ಜನವರಿಯಲ್ಲಿ ಅಮ್ಮ ಹೊಲಿಯುತ್ತಿದ್ದ ಬಟ್ಟೆ ಫ್ಯಾಕ್ಟರಿ ಮುಚ್ಚಿತ್ತು. ಅದೇ ತಿಂಗಳು ಡೆನಿತ್ಸಾಳ ಕ್ಲಾಸಿನ ಇವೈಲೊ ಮನೆಯವರೆಲ್ಲ ಸ್ಪೇನಿಗೆ ಹೊರಟುಹೋದರು. ಅಪ್ಪನೂ ಸ್ಪೇನಿನಲ್ಲೇ ಲಾರಿ ಓಡಿಸುವುದು. "ನಾವೂ ಹೋಗ್ಬೇಕಾ?" ಎಂದು ಡೆನಿತ್ಸಾ ಹೆದರಿಕೊಂಡೇ ಕೇಳಿದ್ದಳು. "ಇಲ್ಲ ಬಂಗಾರಿ, ಇದು ನಮ್ಮನೆ. ಇಲ್ಲೇ ಇರ್ತೀವಿ" ಎಂದಿದ್ದಳು ಅಮ್ಮ. ಡೆನಿತ್ಸಾ ಅದನ್ನು ಇಡೀ ಕ್ಲಾಸಿಗೆ ಸಾರಿ ಬಂದಿದ್ದಳು.

ಕೋಲಿಲ್ಲವಂತೆ! ಡೆನಿತ್ಸಾ ಶೆಡ್ಡಿಗೆ ಓಡಿದಳು. ಬಾಗಿಲ ಹಿಂದೆಯೇ ಹನ್ನೊಂದು ಕೋಲು ಒರಗಿದ್ದವು, ಗಟ್ಟಿಮುಟ್ಟಾಗಿ. ಇನ್ನು ಬೀಜ ಸಿಕ್ಕರೆ ಮುಗಿಯಿತು. ಬೇಲಿಯಾಚೆ ಪಕ್ಕದ ಮನೆಯ ಸ್ತಮೆನ್ ತಾತ ದ್ರಾಕ್ಷಿ ಬಳ್ಳಿ ಕತ್ತರಿಸುತ್ತಿದ್ದ.

"ತಾತಾ, ದೊಣ್ಣೆಮೆಣಸಿನ ಬೀಜ ಕೊಡು. ನಮ್ಮದು ಹಳೇದಾಗಿದೆಯಂತೆ."

"ಹಳೇದಾ? ಹೋದ ಸೆಪ್ಟೆಂಬರಲ್ಲಿ ನಾನೂ ನಿಮ್ಮಮ್ಮನೂ ಕೂತು ಬಿಡಿಸಿದ್ದಲ್ವೇನೇ! ನಿಮ್ಮಮ್ಮಂಗೆ ಈಗಲೇ ಅರಳು ಮರಳು..." ತಾತ ಗಹಗಹಿಸಿದ. ಆ ನಗು ಅರ್ಧಕ್ಕೇ ನಿಂತಿತು. ಅವನು ಟೋಪಿ ತೆಗೆದ, ಮತ್ತೆ ಹಾಕಿಕೊಂಡ. "ಅಮ್ಮ ಬೇಡ ಅಂದ್ರೆ ಬೇಡ ಬಿಡು ಪುಟ್ಟೀ. ಒಳಗೆ ಹೋಗು, ಚಳಿ ಇದೆ."

ಕೇಳಿದವರಿಗೆಲ್ಲ ಜೇಬಿನಿಂದ ಬೀಜ ತೆಗೆದು ಕೊಡುವ ಸ್ತಮೆನ್ ತಾತ ಬರಿಗೈಯಲ್ಲಿ ಕಳಿಸಿದ್ದು ಇದೇ ಮೊದಲು.

ಡೆನಿತ್ಸಾ ಮೇಜಿನ ಮುಂದೆ ಬಂದು ಕೂತಳು. ಅಮ್ಮ ಬೇಡ ಎನ್ನದೆ ಉಳಿಸಿದ್ದು ಮೂಲಂಗಿ, ಪಾಲಕ್, ಲೆಟಿಸ್, ಬಟಾಣಿ. ನಾಲ್ಕೂ ಪ್ಯಾಕೆಟ್ ಅಲ್ಲೇ ಇದ್ದವು. ಸುಮ್ಮನೆ ತಿರುಗಿಸಿ ನೋಡಿದಳು. ಮೂಲಂಗಿ, ಮೂವತ್ತು ದಿನ. ಪಾಲಕ್, ನಲವತ್ತೈದು. ಲೆಟಿಸ್, ಐವತ್ತು. ಬಟಾಣಿ, ಎಪ್ಪತ್ತು.

ಗೋಡೆಯ ಕ್ಯಾಲೆಂಡರ್ ಇಳಿಸಿ ಬೆರಳಿಟ್ಟು ಎಣಿಸಿದಳು. ತಪ್ಪಿರಬೇಕು ಅನ್ನಿಸಿ ಮತ್ತೆ ಎಣಿಸಿದಳು. ಎಲ್ಲವೂ ಮೇ ಕೊನೆಗೆ ಮುಗಿಯುತ್ತವೆ. ಸ್ಕೂಲೂ ಆಗಲೇ ಮುಗಿಯುತ್ತದೆ. ಜೂನ್‌ನಲ್ಲಿ ಕೀಳಲು ಒಂದೂ ಇಲ್ಲ. ಜುಲೈಯಲ್ಲಿ ಇಲ್ಲ. ಸೆಪ್ಟೆಂಬರಲ್ಲಂತೂ ಇಲ್ಲವೇ ಇಲ್ಲ.

ಇವೈಲೊ ಮನೆಯ ಹಿತ್ತಿಲೂ ಈಗ ಹೀಗೇ ಖಾಲಿ.

ಖಾಲಿ ಬುಟ್ಟಿ ಹಿಡಿದು ಅಮ್ಮ ಒಳಗೆ ಬಂದಳು. ಪ್ಯಾಕೆಟ್‌ಗಳ ಬೆನ್ನು ಮೇಲಾಗಿತ್ತು, ಪಕ್ಕದಲ್ಲೇ ಕ್ಯಾಲೆಂಡರ್. ಅಮ್ಮ ಬಾಗಿಲಲ್ಲೇ ನಿಂತಳು.

ಅಷ್ಟರಲ್ಲಿ ಮೀಲಾ ದಡಬಡ ನುಗ್ಗಿದಳು. "ಅಕ್ಕಾ, ದೊಣ್ಣೆಮೆಣಸು ಎಲ್ಲಿ ಬರೆದೆ? ಈ ಸಲ ಸೆಪ್ಟೆಂಬರಲ್ಲಿ ಅದನ್ನ ಕೆಂಡದ ಮೇಲೆ ಸುಟ್ಟಾಗ ನಾನೇ ಸಿಪ್ಪೆ ತೆಗೀತೀನಿ! ಅಮ್ಮ ಪ್ರಾಮಿಸ್ ಮಾಡಿದಾಳೆ. ಅಲ್ವಾಮ್ಮಾ?"

ಅಮ್ಮನ ಬಾಯಿ ತೆರೆಯಿತು. ಇನ್ನೊಂದು ನೆಪಕ್ಕಾಗಿ ಅವಳು ತಡಕಾಡುತ್ತಿದ್ದದ್ದು ಡೆನಿತ್ಸಾಗೆ ಕಂಡಿತು. ಅಮ್ಮ ಇಷ್ಟು ಸುಸ್ತಾಗಿದ್ದಾಳೆಂದು ಅವಳಿಗೆ ಗೊತ್ತೇ ಇರಲಿಲ್ಲ.

"ಈ ವರ್ಷ ಆ ಮಡಿಗೆ ರೆಸ್ಟ್ ಕಣೇ" ಎಂದಳು ಡೆನಿತ್ಸಾ. "ಮಣ್ಣಿಗೂ ಸಾಕಾಗಲ್ವಾ?"

"ಮತ್ತೆ ಮುಂದಿನ್ ವರ್ಷ?"

ಡೆನಿತ್ಸಾ ಅಮ್ಮನ ಕಡೆ ತಿರುಗಲಿಲ್ಲ. ತಿರುಗಿದ್ದರೆ ಅಳು ಬರುತ್ತಿತ್ತು.

"ಮೂಲಂಗಿ ಎಷ್ಟು ಸಾಲು ಹಾಕೋಣ ಹೇಳು."

"ಹತ್ತು!"

ಡೆನಿತ್ಸಾ ಹತ್ತು ಸಾಲು ಬರೆದಳು.